ಅತ್ತಿಗೆ ತೊಗಲಲ್ಲಿ ಕೆತ್ತಿದ ಅವರೆ ಹೂ

ಹೋದ ತಿಂಗಳು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಾಗ ಮಳೆ ಹಿಡಿದುಕೊಂಡಿತು. ಕೊಡೆ ಇರಲಿಲ್ಲ. ಹೆಗಲಲ್ಲಿದ್ದ ಚರ್ಮದ ಚೀಲ ಪೂರ್ತಿ ನೆನೆಯಿತು. ಮನೆಗೆ ಬಂದು, ಒಳಗಿದ್ದ ಸಾಮಾನನ್ನೆಲ್ಲ ಮೇಜಿನ ಮೇಲೆ ಸುರಿದು, ಹಳೆಯ ಪಂಚೆಯ ತುಂಡಿನಿಂದ ಚೀಲ ಒರೆಸುತ್ತಿದ್ದೆ. ನೆಂದ ತೊಗಲಿನ ವಾಸನೆ ಮೂಗಿಗೆ ಬಂತು. ಕೆಟ್ಟ ವಾಸನೆಯೇನಲ್ಲ ಅದು. ಮರದ ತೊಗಟೆ, ಒದ್ದೆ ಮಣ್ಣು, ಎಲ್ಲೋ ಸ್ವಲ್ಪ ದನದ ಮೈ... ಮೂರೂ ಕೂಡಿದ ಹಾಗಿರುತ್ತದೆ. ಒರೆಸುವುದನ್ನು ಬಿಟ್ಟು ಅಲ್ಲೇ ಕುರ್ಚಿಯಲ್ಲಿ ಕೂತೆ. ನನಗೆ ನನ್ನ ಅತ್ತಿಗೆ ನೆನಪಾಗಿದ್ದಳು.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ಎರಡೇ ವರ್ಷ ದೊಡ್ಡವಳು, ಹಾಗಾಗಿ ಮೊದಲಿಂದಲೂ ‘ನೀನು’ ಅಂತಲೇ ಮಾತಾಡಿಸುತ್ತಿದ್ದೆ. ನಾಗಮಂಗಲದ ಕಡೆಯ ಹೆಣ್ಣು. ತೊಂಬತ್ತರ ದಶಕ ಅರ್ಧಕ್ಕೆ ಬರುವ ಹೊತ್ತಿಗೆ ಪಾಲಹಳ್ಳಿಯ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಅವಳ ಊರಲ್ಲಿ ರಾಗಿ, ಹುರುಳಿ ಬೆಳೆಯುವ ಒಣಭೂಮಿ. ನಮ್ಮಲ್ಲಿ ನಾಲೆ ನೀರು, ವರ್ಷವೆಲ್ಲ ಹಸಿರು. ಬಂದ ಹೊಸದರಲ್ಲಿ ಬದುವಿನ ಮೇಲೆ ನಿಂತು ಗದ್ದೆಯನ್ನು ನೋಡುತ್ತಲೇ ಇರುತ್ತಿದ್ದಳು. ಅಣ್ಣ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದ. ಅಪ್ಪ ತೀರಿಕೊಂಡಿದ್ದರು, ಮನೆ ನಡೆಯುತ್ತಿದ್ದುದು ಅವ್ವನ ಮಾತಿನಂತೆ. ಕಿರಿಮಗಳು ನಾನು ಡಿಗ್ರಿ ಮುಗಿಸಿ, ಮುಂದೇನು ಅಂತ ಗೊತ್ತಿಲ್ಲದೆ ಮನೆಯಲ್ಲಿದ್ದೆ.

ಅವಳು ಬಂದು ಆರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕೊಟ್ಟಿಗೆಯ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅತ್ತಿಗೆ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಅಂಗೈಯಗಲದ ತೊಗಲಿನ ತುಂಡೊಂದನ್ನು ಇಟ್ಟುಕೊಂಡು, ಸಣ್ಣ ಮರದ ಕೊಡತಿಯಿಂದ ಒಂದು ಮೊಳೆಯ ತಲೆಗೆ ಬಡಿಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಮುಚ್ಚಲು ನೋಡಿದಳು. ಆಮೇಲೆ ಏನನ್ನಿಸಿತೋ, ಎತ್ತಿ ನನ್ನ ಕೈಗೇ ಕೊಟ್ಟಳು. ಅದರ ಮೇಲೆ ಅವರೆ ಬಳ್ಳಿ ಇತ್ತು. ಹೂ, ಮೊಗ್ಗು, ಅರ್ಧ ಬಲಿತ ಕಾಯಿ... ಬೆರಳಾಡಿಸಿದರೆ ಕಾಯೊಳಗಿನ ಕಾಳಿನ ಉಬ್ಬು ಸಿಕ್ಕುತ್ತಿತ್ತು.

ಮದುವೆಗೆ ಮುಂಚೆ ಮೈಸೂರಿನಲ್ಲಿ ಹೆಂಗಸರಿಗಾಗಿ ನಡೆಸುತ್ತಿದ್ದ ಚರ್ಮದ ಕೆಲಸದ ತರಬೇತಿಗೆ ಆರು ತಿಂಗಳು ಹೋಗಿದ್ದಳಂತೆ. ತವರಿನಲ್ಲಿ ಹೊಲಿಗೆ ಕ್ಲಾಸು ಅಂತ ಸುಳ್ಳು ಹೇಳಿ ಸೇರಿದ್ದು. ಸಾಮಾನನ್ನೆಲ್ಲ ಮದುವೆಯ ಪೆಟ್ಟಿಗೆಯಲ್ಲಿ, ಸೀರೆಗಳ ನಡುವೆ ಸುತ್ತಿಟ್ಟು ತಂದಿದ್ದಳು. ಹಿಡಿ ತಿರುಗುವ ಒಂದು ಸಣ್ಣ ಕತ್ತಿ, ಒಂದು ಸ್ಪಂಜು, ದಪ್ಪ ಮೊಳೆಗಳ ತುದಿ ಉಜ್ಜಿ ತಾನೇ ಮಾಡಿಕೊಂಡಿದ್ದ ಹತ್ತಿಪ್ಪತ್ತು ಅಚ್ಚುಗಳು.

“ಮೊದ್ಲು ನೀರು ಹಚ್ಚಬೇಕು. ಆಮೇಲೆ ಅದು ತನ್ನ ಬಣ್ಣಕ್ಕೆ ತಿರುಗೋಗಂಟ ಸುಮ್ನೆ ಕೂತ್ಕೋಬೇಕು ಕಣಮ್ಮಿ,” ಅಂದಿದ್ದಳು. “ಅವಸರ ಮಾಡುದ್ರೆ ಗೆರೆ ಮುಚ್ಕೋತದೆ. ಜಾಸ್ತಿ ಒಣಗುದ್ರೆ ಕತ್ತಿ ಓಡಕ್ಕಿಲ್ಲ.”

ವಿಷಯ ಎರಡೇ ದಿನದಲ್ಲಿ ಅವ್ವನಿಗೆ ಗೊತ್ತಾಯಿತು. ನಮ್ಮೂರಲ್ಲಿ ತೊಗಲು ಮುಟ್ಟುವವರ ಮನೆಗಳೇ ಬೇರೆ ಇದ್ದವು, ಊರಿಂದ ಆಚೆಗೆ. ನಮ್ಮ ಕಾಲಿನ ಚಪ್ಪಲಿ, ಎತ್ತಿನ ಕೊರಳಪಟ್ಟಿ ಎಲ್ಲ ಅಲ್ಲಿಂದಲೇ ಬರುತ್ತಿದ್ದರೂ ಅಲ್ಲಿಯವರು ನಮ್ಮ ಜಗಲಿ ಹತ್ತುತ್ತಿರಲಿಲ್ಲ. ಅದು ಸರಿಯೇ ಅಂತ ನಾನು ಆವರೆಗೆ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವ್ವ ಕೂಗಾಡಲಿಲ್ಲ. “ಆ ಕೈಲಿ ನನ್ನ ಒಲೆ ಮುಟ್ಟಬ್ಯಾಡ,” ಅಂದಳು, ಅಷ್ಟೇ. ಅತ್ತಿಗೆಯೂ ವಾದ ಮಾಡಲಿಲ್ಲ. ಗದ್ದೆಯ ತಲೆಗೆ ನಮ್ಮದೊಂದು ಆಲೆಮನೆ ಇತ್ತು. ಕಬ್ಬನ್ನೆಲ್ಲ ಫ್ಯಾಕ್ಟರಿಗೆ ಹಾಕಲು ಶುರುಮಾಡಿದ ಮೇಲೆ ಅಲ್ಲಿ ಬೆಲ್ಲ ಬೇಯಿಸುವುದು ನಿಂತು, ಗುಡಿಸಲು ಖಾಲಿ ಬಿದ್ದಿತ್ತು. ಅಲ್ಲಿ ಕೂತು ಕೆಲಸ ಮಾಡುತ್ತೇನೆ, ಸ್ನಾನ ಮಾಡಿಯೇ ಅಡಿಗೆಮನೆಗೆ ಬರುತ್ತೇನೆ ಅಂದಳು. ಅಣ್ಣ “ಮಾಡ್ಲಿ ಬುಡವ್ವ” ಅಂದ. ಅವತ್ತಿನಿಂದ ಅತ್ತಿಗೆ ದಿನಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಚಳಿಗಾಲದಲ್ಲೂ. ಅವಳ ಕೂದಲು ಪೂರ್ತಿ ಒಣಗಿದ್ದನ್ನು ಆ ದಿನಗಳಲ್ಲಿ ನಾನು ನೋಡಿದ ನೆನಪಿಲ್ಲ.

ನಾನು ಮೊದಮೊದಲು ಸುಮ್ಮನೆ ನೋಡಲು ಹೋಗುತ್ತಿದ್ದೆ. ಆಮೇಲೆ ಅಂಚು ಹೆಣೆಯುವುದನ್ನು ಕಲಿತೆ. ಪರ್ಸು, ಕನ್ನಡಕದ ಚೀಲ, ಡೈರಿಯ ಹೊದಿಕೆ, ಇವುಗಳ ಅಂಚಿಗೆ ಸಾಲಾಗಿ ತೂತು ಹಾಕಿ, ತೊಗಲಿನದೇ ತೆಳು ದಾರದಿಂದ ಸುತ್ತ ಹೆಣೆಯಬೇಕು. ಕೆತ್ತುವುದು ಅವಳು, ಹೆಣೆಯುವುದು ನಾನು. ಇಬ್ಬರೂ ಮೈಸೂರಿಗೆ ಹೋಗಿ, ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ಕೊಂಡು, ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದೆವು. ಪಕ್ಕದಲ್ಲಿ ಕೂತವರು ಕೇಳಿದರೆ ಚಾಪೆ ಅನ್ನುತ್ತಿದ್ದೆವು. ಅತ್ತಿಗೆಗೆ ಅದು ನಗು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೆಗಲು ಕುಲುಕಿಸುತ್ತಾ ನಗುತ್ತಿದ್ದಳು.

ಮೊದಲ ಸಲ ಮಾರಲು ಹೋದದ್ದು ಶ್ರೀರಂಗಪಟ್ಟಣಕ್ಕೆ. ಕೋಟೆ ನೋಡಲು ಬರುವವರಿಗೆ ಗಂಧದ ಮಾಲೆ, ಬೀಟೆಮರದ ಆನೆ ಮಾರುವ ಒಂದು ಅಂಗಡಿ. ಅಂಗಡಿಯವರು ವಯಸ್ಸಾದವರು. ಪರ್ಸನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಕನ್ನಡಕ ತೆಗೆದು ಮತ್ತೆ ನೋಡಿ, “ಯಾರಮ್ಮ ಮಾಡಿದ್ದು?” ಅಂದರು. ಅತ್ತಿಗೆ ನನ್ನ ಹಿಂದಕ್ಕೆ ಸರಿದಳು. “ಇವಳೇ, ನಮ್ಮತ್ಗೆ,” ಅಂದೆ ನಾನು. ಆರು ಪರ್ಸು ಇಟ್ಟುಕೊಂಡರು. ಎರಡು ವಾರದ ಮೇಲೆ ಹೋದಾಗ ಒಂದು ಮಾತ್ರ ಉಳಿದಿತ್ತು.

ಹೀಗೇ ಒಂದು ವರ್ಷ ನಡೆಯಿತು. ಅವಳು ಕಂಡದ್ದನ್ನೇ ಕೆತ್ತುತ್ತಿದ್ದಳು. ಭತ್ತದ ತೆನೆ, ಹುಚ್ಚೆಳ್ಳು ಹೂ, ನಾಲೆಯ ತೂಬಿನ ಮೇಲೆ ಕೂತ ಮಿಂಚುಳ್ಳಿ. ಆದರೂ ಜನ ಕೇಳುತ್ತಿದ್ದುದು ಅವರೆ ಹೂವನ್ನೇ. ಒಂದು ದಿನ ಅಂಗಡಿಯವರು, ಬೆಂಗಳೂರಿನವರೊಬ್ಬರು ನಲವತ್ತು ಡೈರಿ ಹೊದಿಕೆ ಕೇಳಿದ್ದಾರೆ, ಎಲ್ಲದರ ಮೇಲೂ ಅವರೆ ಹೂವೇ ಬೇಕಂತೆ, ಚೆನ್ನಾಗಿ ಬಂದರೆ ಮೇಲಿಂದ ಮೇಲೆ ಕೆಲಸ ಕೊಡುತ್ತಾರಂತೆ ಅಂದರು. ತಮ್ಮ ಅಂಗಡಿಯ ಎರಡು ಬಾಗಿಲು ಆಚೆಗೆ, ಟೈಲರೊಬ್ಬ ಬಿಟ್ಟುಹೋದ ಒಂದು ಚಿಕ್ಕ ರೂಮು ಖಾಲಿ ಇದೆ ಅಂತ ತೋರಿಸಿದರು. ನಾವಿಬ್ಬರೂ ಒಳಗೆ ಹೋಗಿ ನಿಂತೆವು. ಗೋಡೆಗೆ ಇನ್ನೂ ಟೈಲರನ ಸೀಮೆಸುಣ್ಣದ ಗುರುತುಗಳಿದ್ದವು. ಅತ್ತಿಗೆ ಕಿಟಕಿ ತೆಗೆದು ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಿ, “ಕೆತ್ತೋ ಕಲ್ಲು ಇಲ್ಲಿಡಾಣ. ನೀನು ಬಾಗ್ಲತಾವ ಕೂತ್ಕೊ, ಬಂದೋರ್ ಜೊತೆ ಮಾತಾಡಕ್ಕೆ ನನಗೆ ಬರಕ್ಕಿಲ್ಲ,” ಅಂದಳು. ಬೋರ್ಡಿನಲ್ಲಿ ಇಬ್ಬರ ಹೆಸರೂ ಇರಬೇಕು ಅಂದಳು. ನಾನು ಹೂಂ ಅಂದೆ. ಮನಸಾರೆ ಅಂದೆ. ಅದರಲ್ಲಿ ಸುಳ್ಳಿರಲಿಲ್ಲ.

ಅದೇ ತಿಂಗಳು ನನಗೆ ಸಿಂಧಘಟ್ಟದಿಂದ ಗಂಡು ಬಂತು. ಕೆ.ಆರ್. ಪೇಟೆಯಲ್ಲಿ ಮೇಷ್ಟ್ರು, ಒಳ್ಳೆ ಮನೆತನ, ಅವ್ವ ಎರಡು ವರ್ಷದಿಂದ ಹುಡುಕುತ್ತಿದ್ದಂಥ ಸಂಬಂಧ. ನೋಡಲು ಬಂದ ದಿನ ಕಾಫಿ ಲೋಟ ಕೊಡುವಾಗ ಗಂಡಿನ ಚಿಕ್ಕಮ್ಮ ನನ್ನ ಕೈ ಹಿಡಿದು ನೋಡಿದರು. ಬೆರಳ ತುದಿಯೆಲ್ಲ ತೊಗಲಿಗೆ ಹಚ್ಚುವ ಬಣ್ಣ ಹತ್ತಿ ಕಂದಾಗಿತ್ತು.

“ಇದ್ಯಾಕವ್ವ ಬೆಳ್ಳೆಲ್ಲ ಇಂಗಾಗವೆ?”

ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆ, “ಅದು ನನ್ನ ಕೆಲ್ಸ. ತೊಗಲಿನ ಕೆಲ್ಸ. ಇವಳು ಸುಮ್ನೆ ಬಣ್ಣದ ಡಬ್ಬ ಎತ್ತಿಕ್ಕಿದ್ಲು ಅಷ್ಟೆಯ,” ಅಂದುಬಿಟ್ಟಳು. ಗಂಡಿನ ಕಡೆಯವರು ಮಳೆ ಬೆಳೆಯ ಮಾತು ತೆಗೆದರು.

ವಾರದ ಮೇಲೆ ಹೇಳಿಕಳಿಸಿದರು. ಹುಡುಗಿ ಒಪ್ಪಿಗೆ. ಆದರೆ ಆ ಮನೆಯಲ್ಲಿ ಆ ಕೆಲಸ ನಡೆಯುತ್ತಿದ್ದರೆ ನಾಳೆ ನೆಂಟರಿಷ್ಟರು ಒಂದು ಮಾತಾಡುತ್ತಾರೆ, ಅದನ್ನು ನಿಲ್ಲಿಸಬೇಕು.

ಅವ್ವ ಅತ್ತಿಗೆಗೆ ಏನೂ ಹೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಮೂರು ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಇಬ್ಬರೂ ಆಗಾಗ ನನ್ನ ಮುಖ ನೋಡುತ್ತಿದ್ದರು. ಹೇಳಬೇಕಾದವಳು ನಾನು ಅಂತ ನನಗೆ ತಿಳಿಯಿತು. ನನಗೂ ಆ ಹುಡುಗ ಇಷ್ಟವಾಗಿದ್ದ. ಅದನ್ನೂ ಇಲ್ಲಿ ಬರೆಯಲೇಬೇಕು.

ನಾಲ್ಕನೆಯ ದಿನ ಮಧ್ಯಾಹ್ನ ಆಲೆಮನೆಗೆ ಹೋದೆ. ನಲವತ್ತರಲ್ಲಿ ಇಪ್ಪತ್ತಾರು ಹೊದಿಕೆ ಮುಗಿದು, ಹಳೆಯ ಬೆಲ್ಲದ ಮಣೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ಅವಳು ಇಪ್ಪತ್ತೇಳನೆಯದರ ಮೇಲೆ ಬಗ್ಗಿದ್ದಳು. ನಾನು ನಿಂತುಕೊಂಡೇ ಹೇಳಿದೆ.

“ಅತ್ಗೆ, ಮದ್ವೆ ಮುಗಿಯೋಗಂಟ ನಿಲ್ಸಾಣ.”

ಅವಳು ಕೊಡತಿ ಇಳಿಸಲಿಲ್ಲ. ಹಿಡಿದಿದ್ದ ಎಲೆಯನ್ನು ಮುಗಿಸಿದಳು, ಇನ್ನೆರಡು ಏಟು. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು.

“ನಿಲ್ಸಾಣ ಅಂತೀಯೋ, ನಿಲ್ಸು ಅಂತೀಯೋ?”

ನಾನು ಮಣೆಯ ಮೇಲಿನ ಹೊದಿಕೆಗಳ ಕಡೆ ತಿರುಗಿದೆ. ಆಚೆ ನಾಲೆಯಲ್ಲಿ ನೀರು ಹೋಗುತ್ತಿದ್ದ ಸದ್ದು ಕೇಳುತ್ತಿತ್ತು. ಅವಳೇ “ಸರಿ ಬುಡು,” ಅಂದು ಸ್ಪಂಜನ್ನು ಹಿಂಡಿ ಪಕ್ಕಕ್ಕಿಟ್ಟಳು.

ಮಾರನೆಯ ದಿನ ಒಬ್ಬಳೇ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದಳು. ಇಪ್ಪತ್ತಾರನ್ನೂ ಹಾಗೇ ವಾಪಸು ತಂದಿದ್ದಳು. ನಲವತ್ತೂ ಬೇಕಾದವರಿಗೆ ಇಪ್ಪತ್ತಾರು ಬೇಡವಾಗಿತ್ತು. “ಬರಕ್ಕಿಲ್ಲ ಅಂತ ಏಳ್ಬುಟ್ ಬಂದೆ,” ಅಂದಳು, ಅಷ್ಟೇ. ಮದುವೆಯಲ್ಲಿ ಅವಳೇ ಮುಂದೆ ನಿಂತು ಎಲ್ಲ ಮಾಡಿದಳು. ನನ್ನ ಕೈಯ ಕಲೆ ಹೋಗಲಿ ಅಂತ ಹದಿನೈದು ದಿನ ನಿಂಬೆಹಣ್ಣು ಉಜ್ಜಿ, ಆಮೇಲೆ ಮದರಂಗಿ ಹಚ್ಚಿದವಳೂ ಅವಳೇ.

ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅವಳು ಬಸುರಿ. ಆಲೆಮನೆಯಲ್ಲಿ ಹುಲ್ಲು ತುಂಬಿದ್ದರು. ಉಳಿದ ತೊಗಲಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಆ ಹೊದಿಕೆಗಳನ್ನೆಲ್ಲ ಇಲಿ ಕಡಿದಿದ್ದವು. “ಮತ್ತೆ ಶುರು ಮಾಡತ್ಗೆ,” ಅಂದೆ. ಈಗ ಹೇಳುವುದು ಸುಲಭವಾಗಿತ್ತಲ್ಲ.

“ನೀನು ಬತ್ತೀಯಾ?” ಅಂದಳು.

ನಾನು ನಕ್ಕು, “ನಾನೆಂಗ್ ಬರ್ಲಿ, ಅಲ್ಲಿ ಬುಟ್ಟು?” ಅಂದೆ. ಅವಳೂ ನಕ್ಕಳು. ನಾವಿಬ್ಬರೂ ಆ ಕೆಲಸದ ಬಗ್ಗೆ ಮಾತಾಡಿದ್ದು ಅದೇ ಕೊನೆ.

ಮಗಳು ಹುಟ್ಟಿ ಮೂರು ವರ್ಷಕ್ಕೆ ಅವಳಿಗೆ ಕಾಮಾಲೆಯಾಯಿತು. ನಾಟಿ ಔಷಧಿ ಅಂತ ಎರಡು ವಾರ ಕಳೆದರು. ಮೈಸೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಹೋಗಿ ನೋಡಿದೆ. ಕಣ್ಣು, ಉಗುರು ಎಲ್ಲ ಹಳದಿ. ಅವಳ ಪಕ್ಕದಲ್ಲಿ ಕೂತು, ಇವತ್ತು ಕ್ಷಮೆ ಕೇಳಿಬಿಡಬೇಕು, ತಪ್ಪಾಯಿತು ಅನ್ನಬೇಕು ಅಂದುಕೊಂಡೆ. ಅವಳು ನನ್ನ ಮಗುವಿನ ಕೆಮ್ಮು ವಾಸಿಯಾಯಿತಾ ಅಂತ ಕೇಳಿದಳು. ಹೂಂ, ವಾಸಿಯಾಯಿತು ಅಂದೆ. ನರ್ಸು ಬಂದು ಹೊರಗೆ ಕಳಿಸಿದಳು. ಮೂರು ದಿನಕ್ಕೆ ಹೋಗಿಬಿಟ್ಟಳು.

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದ ದಿನ, ಉಳಿದವರು ಊಟಕ್ಕೆ ಕೂತಾಗ ನಾನು ಆ ಅಂಗಡಿಗೆ ಹೋದೆ. ಅಂಗಡಿಯವರು ಗುರುತು ಹಿಡಿದರು. ವಿಷಯ ಹೇಳಿದೆ. “ಆವತ್ತು ಒಬ್ಬಳೇ ಬಂದಿದ್ದಳಲ್ಲಮ್ಮ,” ಅಂದರು. “ನಾದಿನಿ ಮದುವೆ ಮುಗಿಯಲಿ, ಇಬ್ಬರೂ ಬರ್ತೀವಿ, ಅಲ್ಲಿವರೆಗೂ ಆ ರೂಮು ಯಾರಿಗೂ ಕೊಡಬೇಡಿ ಅಂತ ಕೇಳಿಕೊಂಡಳು. ನಾನೂ ಆರು ತಿಂಗಳು ಬೇರೆಯವರಿಗೆ ಕೊಡಲಿಲ್ಲ.” ಎರಡು ಬಾಗಿಲು ಆಚೆಗೆ ನೋಡಿದೆ. ಎಸ್‌ಟಿಡಿ ಬೂತ್ ಆಗಿತ್ತು. ಒಳಗೆ ಯಾರೋ ಜೋರಾಗಿ ಮಾತಾಡುತ್ತಿದ್ದರು.

ಇದೆಲ್ಲ ಆಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಅಣ್ಣ ಇನ್ನೊಂದು ಮದುವೆಯಾದ. ಅವ್ವನೂ ಹೋದಳು. ಅತ್ತಿಗೆಯ ಮಗಳು ಈಗ ಪಾಂಡವಪುರದಲ್ಲಿದ್ದಾಳೆ, ಅವಳಿಗೂ ಒಂದು ಮಗುವಿದೆ. ಅಮ್ಮನ ಮುಖ ಅವಳಿಗೆ ಮದುವೆಯ ಒಂದು ಫೋಟೋದಲ್ಲಿ ಬಿಟ್ಟು ಎಲ್ಲೂ ಗೊತ್ತಿಲ್ಲ. ಬಂದಾಗೆಲ್ಲ ಏನಾದರೂ ಕೇಳುತ್ತಾಳೆ. ಎರಡು ವರ್ಷದ ಹಿಂದೆ ಬಂದಿದ್ದಾಗ ತೊಗಲಿನ ಕೆಲಸದ ಬಗ್ಗೆ ಹೇಳಿದೆ. ದುಪ್ಪಟಿ, ಬಸ್ಸು, ಕಾಳಿನ ಉಬ್ಬು ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ಆಮೇಲೆ, “ಅಷ್ಟು ಚೆನ್ನಾಗ್ ಮಾಡ್ತಿದ್ದೋಳು ಯಾಕೆ ಬುಟ್ಬುಟ್ಲತ್ತೆ?” ಅಂದಳು.

“ನೀನು ಹುಟ್ಟಿದ್ಯಲ್ಲ ಕಣವ್ವ, ಅದಕ್ಕೆ,” ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು... ಅವಳು ತಲೆ ತಗ್ಗಿಸಿದಳು. ತೊಡೆಯ ಮೇಲಿದ್ದ ತನ್ನ ಮಗುವಿನ ತಲೆ ಸವರುತ್ತಾ ಕೂತಳು, ಬೇರೇನೂ ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಬಂದು ಹೋಗಿದ್ದಾಳೆ. ಆ ಮಾತನ್ನು ನಾನು ವಾಪಸು ತೆಗೆದುಕೊಂಡಿಲ್ಲ.

ಚೀಲ ಒರೆಸಿ ಮುಗಿಸಿದ ಸಂಜೆಯೇ ಇದನ್ನು ಬರೆಯಲು ಕೂತೆ. ಮೊದಲು ಅತ್ತಿಗೆಯ ಮಗಳಿಗೇ ಓದಲು ಕೊಡಬೇಕು ಅಂದುಕೊಂಡೇ ಬರೆದದ್ದು. ಹೋದ ಭಾನುವಾರ ಅವಳು ಬಂದಿದ್ದಳು. ಊಟ ಮಾಡಿದಳು, ಮಗುವನ್ನು ಮಲಗಿಸಿದಳು, ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ಹಾಳೆಗಳು ಬೀರುವಿನಲ್ಲೇ ಇವೆ.