ಎಳ್ಳಮವಾಸ್ಯೆಗೆ ಹಾಕಿಸಿದ ಪಂದ್ಯ

ಫುಟ್‌ಬಾಲ್ ಲೀಗಿನ ಪಂದ್ಯಗಳ ಪಟ್ಟಿ ಮೊಬೈಲಿಗೆ ಬಂತೆಂದರೆ ಬೆಟಗೇರಿಯ ನಮ್ಮ ಕಟ್ಟೆಯ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಮೈದಾನದ ಮೂಲೆಯಲ್ಲಿ ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಎದುರಿಗೆ ಚಹಾದಂಗಡಿ. ಅಲ್ಲಿ ಕೂರುವ ಹತ್ತು ಹನ್ನೆರಡು ಮಂದಿಯಲ್ಲಿ ಇಂದು ಚೆಂಡು ಒದೆಯಬಲ್ಲವನು ಒಬ್ಬನೂ ಇಲ್ಲ. ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆ, ನನಗೆ ಎರಡೂ. ಆದರೆ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾವ ಊರಿನ ಮೇಲೆ ಎಷ್ಟು ಗೋಲು ಹೊಡೆಯಬೇಕು ಎಂದು ಹೇಳಲು ಮಂಡಿ ಬೇಕಾಗಿಲ್ಲ, ಬಾಯಿ ಸಾಕು. ನಮ್ಮ ಬಾಯಿ ಗಟ್ಟಿಮುಟ್ಟಾಗಿದೆ. ಮಾತಾಡಲೇಬೇಕಾದ ಹೊತ್ತಿಗೆ ನನ್ನ ಬಾಯಿ ಹೇಗೆ ಬಿದ್ದುಹೋಯಿತು ಎಂಬುದನ್ನು ಬರೆಯಲು ಕೂತಿದ್ದೇನೆ.

ನಮ್ಮದು ನೇಕಾರರ ಮನೆ. ಮನೆಯ ಕೈಮಗ್ಗ ನಿಂತ ಮೇಲೆ ನಾನು ಗದಗಿನ ಒಂದು ಛಾಪಖಾನೆಗೆ ಸೇರಿದೆ. ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುತ್ತೇನೆ. ವರ್ಷಕ್ಕೊಮ್ಮೆ ಕ್ಯಾಲೆಂಡರುಗಳ ಪ್ರೂಫ್ ನೋಡುವವನೂ ನಾನೇ. ಹಾಗಾಗಿ ಕ್ಲಬ್ಬಿನ ಅರ್ಜಿ, ಆಮಂತ್ರಣ, ತಕರಾರು ಎಲ್ಲ ನನ್ನ ಪಾಲಿಗೆ ಬರುತ್ತದೆ. “ನಿಮ್ಮ ಕನ್ನಡ ಚಲೋ ಐತ್ರಿ” ಎಂದರೆ ಸಾಕು, ನಾನು ಉಬ್ಬಿಹೋಗುತ್ತೇನೆ. ಅದೊಂದು ರೋಗ.

ಹೋದ ವರ್ಷದ ಪಟ್ಟಿ ಬಂದ ದಿನ ಅದನ್ನು ಓದಿದವರು ಮಾಸ್ತರರು. ನಿವೃತ್ತ ಡ್ರಿಲ್ ಮಾಸ್ತರರಾದ ಅವರೇ ಕಟ್ಟೆಗೆ ಹಿರಿಯರು. ಮೊಬೈಲನ್ನು ಕೈಯಳತೆ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಶುರುಮಾಡಿದರು.

“ಮೊದಲ ಮುಳಗುಂದ. ಅದರ ಚಿಂತಿ ಇಲ್ಲ. ಆಮ್ಯಾಲೆ ಲಕ್ಷ್ಮೇಶ್ವರ. ಓಡ್ತಾರ ಅವರು, ಖರೆ, ಆದ್ರ ಅರ್ಧ ತಾಸಿಗೆ ದಣೀತಾರ. ಶಿರಹಟ್ಟಿ ಮೈದಾನ ಇಳಿಜಾರ ಐತಿ. ಮೊದಲ ಏರಿಗೆ ಆಡ್ರಿ, ದಣದಾಗ ಇಳಿಜಾರಿಗೆ ಆಡೂಣು.”

“ಮುಂಡರಗಿ ಹೆಂಗ್ರಿ?” ಎಂದೆ.

“ಅದ ನೋಡಪಾ ಮ್ಯಾಚು. ಅವರ ಊರಾಗ ಹೋಗಿ ಆಡಬೇಕು. ಗೋಲಿನಾಗ ನಮ್ಮಾವ ನಿಂತ್ರ ಗೆಲ್ತೀವಿ. ಅವ ಇಲ್ಲಂದ್ರ ಟೆಂಪೋದ ಡೀಸೆಲ್ ದಂಡ.”

ನಮ್ಮಾವ ಎಂದರೆ ನಮ್ಮ ಕೀಪರ್. ಡೋಣಿ ಎಂಬ ಹಳ್ಳಿಯ ಒಕ್ಕಲುತನದ ಮನೆಯವನು, ಗದಗಿನಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಮೂವತ್ತರ ಹತ್ತಿರದ ಗಂಡಸು, ಮಾತು ಕಡಿಮೆ. ನೇಕಾರರ ಓಣಿಯ ಹೊರಗಿನಿಂದ ಬಂದು ನಮ್ಮ ಕ್ಲಬ್ಬಿಗೆ ಆಡಿದವನು ಅವನೊಬ್ಬನೇ. ಅವನು ನಿಂತರೆ ಗೋಲಿಗೆ ಬಾಗಿಲು ಹಾಕಿದಂತೆ ಎಂದು ನಾವು ಹೇಳುತ್ತಿದ್ದೆವು. ಚಳಿಗಾಲದಲ್ಲಿ ಊರಿನಿಂದ ಬರುವಾಗ ಹಸಿ ಕಡಲೆಗಿಡದ ಸೂಡು ತಂದು ಕಟ್ಟೆಯ ಮೇಲೆ ಇಡುತ್ತಿದ್ದ. ನಾವು ಮುದುಕರು ಕಡಲೆ ಸುಲಿದು ತಿನ್ನುತ್ತ ಅವನಿಗೇ ಗೋಲು ಕಾಯುವುದನ್ನು ಕಲಿಸುತ್ತಿದ್ದೆವು. ಅವನು ಒಮ್ಮೆಯೂ ಎದುರಾಡಲಿಲ್ಲ. ನನ್ನನ್ನು ಕಾಕಾ ಎನ್ನುತ್ತಿದ್ದ.

ಒಳಗಿನ ಗದ್ದಲವೇ ಬೇರೆ. ನಮ್ಮ ಸೆಕ್ರೆಟರಿಗೆ ತನ್ನ ಅಕ್ಕನ ಮಗನನ್ನು ಗೋಲಿನಲ್ಲಿ ನಿಲ್ಲಿಸುವ ಆಸೆ. ಆ ಅಳಿಯ ಕೆಟ್ಟ ಆಟಗಾರನೇನಲ್ಲ, ಆದರೆ ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಾನೆ. ಕೀಪರನಿಗೆ ಅದೊಂದು ಬಿಟ್ಟು ಬೇರೆ ಯಾವ ದೋಷವಿದ್ದರೂ ನಡೆದೀತು. ಕೀಪರನನ್ನು ಮುಂಡರಗಿಯವರು ಸೆಳೆಯುತ್ತಿದ್ದಾರೆ ಎಂಬ ಪುಕಾರು ಎಲ್ಲಿಂದ ಹುಟ್ಟಿತೋ, ಸೆಕ್ರೆಟರಿ ಅದನ್ನು ಚೆನ್ನಾಗಿ ಸಾಕಿದ. ಕೊನೆಗೆ ಸಭೆಯಲ್ಲಿ ಒಂದು ಹೊಸ ನಿಯಮ ತಂದ: “ಹೇಳದ ಕೇಳದ ಒಂದ ಮ್ಯಾಚ್ ತಪ್ಪಿಸಿದ್ರ ಕ್ಲಬ್ಬಿನಿಂದ ಹೊರಗ. ಯಾರ ಇರ್ಲಿ.” ಯಾರೇ ಇರಲಿ ಎಂದಾಗ ಅವನ ಕಣ್ಣು ಯಾರ ಮೇಲಿತ್ತೆಂದು ಎಲ್ಲರಿಗೂ ಕಂಡಿತು.

ಅವತ್ತು ಸಭೆ ಮುಗಿದ ಮೇಲೆ ಕೀಪರನ ಹೆಗಲ ಮೇಲೆ ಕೈಹಾಕಿ ನಾನೇ ಹೇಳಿದೆ: “ನೀ ಗೋಲ ಕಾಯಪಾ. ನಿನ್ನ ಜಾಗಾ ನಾವು ಕಾಯ್ತೀವಿ.” ಅವನು ನಕ್ಕ. ಥೂ, ಈಗ ಆ ಮಾತು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ ಮೂರನ್ನೂ ಗೆದ್ದೆವು. ಮುಂಡರಗಿಯ ಪಂದ್ಯ ಬುಧವಾರಕ್ಕಿತ್ತು. ಬುಧವಾರ ಮಗ್ಗ ಬಿಟ್ಟು ಯಾರು ಬರುತ್ತಾರೆ? ಎರಡು ದಿನ ಕಳೆದರೆ ಅಮವಾಸ್ಯೆ. ನೇಕಾರರಿಗೆ ಅಮವಾಸ್ಯೆ ಎಂದರೆ ಸೂಟಿ. ಅಂದು ಮಗ್ಗ ಮುಟ್ಟುವುದಿಲ್ಲ, ಪೂಜೆ ಮಾಡಿ ಕೈಬಿಡುತ್ತೇವೆ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದರೂ ಆ ಪದ್ಧತಿ ಉಳಿದಿದೆ. ಪಂದ್ಯ ಅಮವಾಸ್ಯೆಗೆ ಬಿದ್ದರೆ ಓಣಿಗೆ ಓಣಿಯೇ ಟೆಂಪೋ ಹತ್ತುತ್ತದೆ ಎಂದು ಕಟ್ಟೆ ತೀರ್ಮಾನಿಸಿತು. ಸೂಚಿಸಿದವನು ನಾನು, ಅರ್ಜಿ ಬರೆದವನು ನಾನು, ಕಟ್ಟೆಯ ಪರವಾಗಿ ಸಹಿ ಹಾಕಿದವನೂ ನಾನೇ. “ಶ್ರಮಜೀವಿಗಳಾದ ನಮ್ಮ ಅಭಿಮಾನಿಗಳ ಅನುಕೂಲವನ್ನು ಮನಗಂಡು” ಎಂದೆಲ್ಲ ಬರೆದಿದ್ದೆ. ಲೀಗಿನವರು ಒಪ್ಪಿದರು. ಮುಂಡರಗಿಯವರು ಒಂದು ಮಾತೂ ಆಡದೆ ಒಪ್ಪಿದಾಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಪಂದ್ಯಕ್ಕೆ ಎರಡು ದಿನ ಮೊದಲು ಕೀಪರ್ ಫೋನ್ ಮಾಡಿದ.

“ಕಾಕಾ, ಅವತ್ತು ಎಳ್ಳಮಾಸಿ ಐತ್ರಿ. ಹೊಲಕ್ಕ ಚರಗ ಚೆಲ್ಲಬೇಕು.”

ಎಳ್ಳಮವಾಸ್ಯೆ! ಒಕ್ಕಲುತನದ ಮನೆಯವರು ಅಂದು ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಭೂಮಿತಾಯಿಗೆ ಪೂಜೆ ಮಾಡಿ ನೈವೇದ್ಯವನ್ನು ಬೆಳೆಯ ನಡುವೆ ಚೆಲ್ಲುತ್ತಾ ಹೊಲ ಸುತ್ತುತ್ತಾರೆ. ಅದೇ ಚರಗ. ಮನೆಯ ಗಂಡಸು ಅದನ್ನು ತಪ್ಪಿಸುವಂತಿಲ್ಲ. ಕ್ಯಾಲೆಂಡರಿನಲ್ಲಿ ಆ ಹೆಸರನ್ನು ಕೂಡಿಸಿದ್ದು ನನ್ನ ಕೈ, ಪ್ರೂಫ್ ನೋಡಿದ್ದು ನನ್ನ ಕಣ್ಣು. ಅಷ್ಟಾದರೂ ನನಗೆ ಕಂಡದ್ದು ಅಮವಾಸ್ಯೆಯ ಕಪ್ಪು ಚುಕ್ಕೆ ಮತ್ತು ಮಗ್ಗದ ಸೂಟಿ ಮಾತ್ರ.

“ಅಪ್ಪ ಹೋದ ಮ್ಯಾಲೆ ಚರಗ ಚೆಲ್ಲಾವ ನಾನ ಒಬ್ಬಾವ್ರಿ,” ಅವನು ಮುಂದುವರಿಸಿದ. “ಮುಗಿಸಿ ಸೀದಾ ಗಾಡಿ ಹತ್ತತೀನಿ. ಹಾಫ್ ಟೈಮಿಗೆ ಬಂದ ಮುಟ್ಟತೀನಿ. ಬದಲಿ ಆಟಗಾರರ ಪಟ್ಟಿಯೊಳಗ ನನ್ನ ಹೆಸರು ಬರಸ್ರಿ. ಸೆಕ್ರೆಟರಿ ನನ್ನ ಫೋನ್ ಎತ್ತವಲ್ರು. ನೀವ ಹೇಳಿಬಿಡ್ರಿ ಕಾಕಾ.”

“ಆತು, ಹೇಳ್ತೀನಿ ಬಿಡು,” ಎಂದೆ.

ಹೇಳಲಿಲ್ಲ. ಹೇಳಬೇಕೆಂದು ಅಂದು ಸಂಜೆ ಕಟ್ಟೆಗೆ ಹೋದೆ. ಅಲ್ಲಿ ನನ್ನ ಅರ್ಜಿಯನ್ನು ಹೊಗಳುತ್ತಿದ್ದರು. ಎರಡು ಟೆಂಪೋ ಆಗಲೇ ತುಂಬಿವೆ, ಮೂರನೆಯದು ಬೇಕು ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ‘ನಾನೇ ಹಾಕಿಸಿದ ದಿನದ ದೆಸೆಯಿಂದ ನಮ್ಮ ಕೀಪರ್ ಶುರುವಿಗೆ ಬರಲಾರ’ ಎಂದು ಹೇಗೆ ಹೇಳಲಿ? ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಮನೆಯಲ್ಲಿ ಹೆಂಡತಿ ಕೇಳಿದಳು: “ಡೋಣಿಯಾವಂದು ಚರಗ ಅಲ್ಲೇನ್ರಿ ಅವತ್ತು? ಅವ ಹೆಂಗ ಬರ್ತಾನ?” ಅವಳ ಮೇಲೆ ರೇಗಿದೆ. ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂಬ ಸಿಟ್ಟು.

ಪಂದ್ಯದ ದಿನ ಮುಂಡರಗಿಯ ಮೈದಾನದಲ್ಲಿ ಸೆಕ್ರೆಟರಿ ಆಟಗಾರರ ಪಟ್ಟಿ ಹಿಡಿದು ನಿಂತ. ಕೀಪರನ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಎಳೆದ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

“ಎಲ್ಲಿ ಅದಾನ್ರಿ ನಿಮ್ಮ ಬಾಗಲಾ?” ಎಂದು ಕಟ್ಟೆಯವರನ್ನು ಕೆಣಕಿದ. “ನಾ ಹೇಳಿದಾಗ ಯಾರೂ ಕೇಳಲಿಲ್ಲ. ಮಾರಿಕೊಂಡಾನ ಅವ. ಮುಂಡರಗಿಯವರ ಮ್ಯಾಚಿಗೇ ಗೈರು ಅಂದ್ರ ಏನ್ ಅರ್ಥ?”

ಮಾಸ್ತರರು ನನ್ನತ್ತ ತಿರುಗಿದರು. “ನಿನಗೇನರ ಹೇಳ್ಯಾನೇನೋ?”

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಅಂದು ನನ್ನ ಹತ್ತಿರ ಬಂಗಾರ ಬೇಕಾದಷ್ಟಿತ್ತು. ತಲೆ ಅಲ್ಲಾಡಿಸಿಬಿಟ್ಟೆ, ಇಲ್ಲ ಎಂದು.

ಅಳಿಯ ಮೊದಲರ್ಧದಲ್ಲೇ ಮೂರು ಸಲ ಕಣ್ಣು ಮುಚ್ಚಿದ. ಮೂರೂ ಗೋಲು. ಹಾಫ್ ಟೈಮಿನ ಸೀಟಿ ಊದುವ ಹೊತ್ತಿಗೆ ಅವನು ಬಂದ, ಹೇಳಿದ ಹೊತ್ತಿಗೆ ಸರಿಯಾಗಿ. ಹಣೆಯ ಮೇಲೆ ಭಂಡಾರ, ಕಾಲಿಗೆ ಎರೆಮಣ್ಣು, ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಬಿಳಿ ಬಟ್ಟೆಯ ಬುತ್ತಿಗಂಟು. ನಮ್ಮವರು ಅವನನ್ನು ಸುತ್ತುವರಿದರು. ಮಾರಿಕೊಂಡವನೇ, ದ್ರೋಹಿ, ಉಂಡ ಮನೆಗೆ ಎರಡು ಬಗೆದವನೇ. ಒಬ್ಬ ಬಾಯಿಗೆ ಬಂದಂತೆ ಅವನ ತಾಯಿಯನ್ನೂ ಎಳೆದ. ಅವನು ಗುಂಪಿನ ಮೇಲಿಂದ ನನ್ನನ್ನು ಹುಡುಕಿದ.

“ಕಾಕಾ, ನೀವ ಹೇಳ್ರಿ ಇವರಿಗೆ.”

ಎಲ್ಲರೂ ನನ್ನತ್ತ ನೋಡಿದರು. ಮೂರು ಗೋಲಿನ ಸಿಟ್ಟು ಅವರ ಮುಖದ ಮೇಲಿತ್ತು. ನಿಜ ಹೇಳಿದರೆ ಅದು ನನ್ನ ಮೇಲೆ ತಿರುಗುತ್ತಿತ್ತು.

“ನನಗೇನ ಗೊತ್ತಪಾ?” ಎಂದೆ.

ಅವನು ಫೋನ್ ತೆಗೆದು ನನಗೆ ಮಾಡಿದ ಕರೆಯನ್ನು ತೋರಿಸಬಹುದಿತ್ತು, ತೋರಿಸಲಿಲ್ಲ. ಬುತ್ತಿಯನ್ನು ನನ್ನ ಕಾಲ ಬಳಿ ಇಟ್ಟ. “ಕಟ್ಟಿಯವರಿಗೆ ಅಂತ ಅವ್ವ ಕಟ್ಟಿಕೊಟ್ಟಾಳ್ರಿ,” ಎಂದು ಹೇಳಿ ತಿರುಗಿ ನಡೆದ.

ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರಿಗೂ ಹಸಿವು. ಯಾರೋ ಗಂಟು ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ದ್ರೋಹಿಯ ಬುತ್ತಿ ಎಂದು ಒಬ್ಬನೂ ಬೇಡ ಎನ್ನಲಿಲ್ಲ. “ಎಣ್ಣಿಗಾಯಿ ಭಾಳ ರುಚಿ ಐತಿ ಲೇ,” ಎಂದು ಒಬ್ಬ ಬೆರಳು ನೆಕ್ಕಿದ. ನನಗೂ ಒಂದು ರೊಟ್ಟಿ ಕೊಟ್ಟರು. ತಿಂದೆ.

ನಿಯಮದಂತೆ ಅವನನ್ನು ಹೊರಗೆ ಹಾಕಿದರು. ಒಂದು ತಿಂಗಳಿಗೆ ಮುಂಡರಗಿಯವರು ಕರೆದರು, ಅವನು ಹೋದ. “ನೋಡ್ರಿ, ನಾ ಹೇಳಿರಲಿಲ್ಲ?” ಎಂದು ಸೆಕ್ರೆಟರಿ ಊರೆಲ್ಲ ಸಾರಿದ. ಸುಳ್ಳನ್ನು ನಾವೇ ತಳ್ಳಿ ತಳ್ಳಿ ನಿಜ ಮಾಡಿದೆವು.

ಈ ವರ್ಷದ ಪಟ್ಟಿ ಹೋದ ವಾರ ಬಂತು. ಮತ್ತೆ ಅದೇ ಕಟ್ಟೆ, ಅದೇ ಚಹಾ. ಕಡಲೆಗಿಡ ಮಾತ್ರ ಇಲ್ಲ. ಮುಂಡರಗಿಯ ಪಂದ್ಯ ಈ ಸಲವೂ ಅವರ ಊರಲ್ಲೇ, ಎಳ್ಳಮವಾಸ್ಯೆಗೆ ಮೂರು ದಿನ ಮೊದಲು.

“ಗೋಲಿನಾಗ ಅವ ಅದಾನ,” ಎಂದರು ಮಾಸ್ತರರು. “ಹೊಡಿಯೋದು ಕಠಿಣ ಐತಿ.”

ಸೆಕ್ರೆಟರಿ ನಕ್ಕ. “ಅದಕ್ಕ್ಯಾಕ ಚಿಂತಿ? ಹೋದ ವರ್ಷದಂಗ ಎಳ್ಳಮಾಸಿಗೆ ಹಾಕಿಸಿಬಿಡೂಣು. ಅವ ಹೊಲದಾಗ ಇರ್ತಾನ, ನಾವು ಗೋಲಿನಾಗ ಇರ್ತೀವಿ. ಬರೀರಿ ಒಂದ ಅರ್ಜಿ. ನಿಮ್ಮ ಕನ್ನಡ ಚಲೋ ಐತಿ.”

ಕಟ್ಟೆ ಗೊಳ್ಳೆಂದು ನಕ್ಕಿತು. ಅಂದರೆ ಚರಗದ ಸಂಗತಿ ಇವರಿಗೆಲ್ಲ ಗೊತ್ತು! ಯಾವಾಗ ಗೊತ್ತಾಯಿತೋ, ಯಾರೂ ಕೇಳಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿಬಿಟ್ಟೆ: ಅವನು ಎರಡು ದಿನ ಮೊದಲೇ ನನಗೆ ಫೋನ್ ಮಾಡಿದ್ದ, ಪಟ್ಟಿಯಲ್ಲಿ ಹೆಸರು ಬರೆಸಿ ಎಂದಿದ್ದ, ನಾನೇ ನುಂಗಿಕೊಂಡೆ, ಅವನದು ಎಳ್ಳಷ್ಟೂ ತಪ್ಪಿಲ್ಲ. ಬೈಯುತ್ತಾರೆ, ಉಗಿಯುತ್ತಾರೆ, ಕಟ್ಟೆಯಿಂದ ಇಳಿಸುತ್ತಾರೆ ಎಂದುಕೊಂಡಿದ್ದೆ.

“ಹೋಗ್ಲಿ ಬಿಡ್ರಿ, ಮುಗದ ಹೋದ ಮಾತು,” ಎಂದ ಒಬ್ಬ. ಮಾಸ್ತರರು ಮಾತ್ರ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಚಹಾದ ಲೋಟ ಕೆಳಗಿಟ್ಟರು. “ಅಟ್ಟ ಮ್ಯಾಲೆ ಒಲಿ ಉರೀತಂತ,” ಎಂದಷ್ಟೇ ಹೇಳಿ ಎದ್ದು ಹೋದರು.

ನಾನು ಅರ್ಜಿ ಬರೆಯಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. ಹೋದ ವರ್ಷದ ಅರ್ಜಿ ಸೆಕ್ರೆಟರಿಯ ಮೊಬೈಲಿನಲ್ಲಿತ್ತು. ತಾರೀಖು ತಿದ್ದಿ ಅದನ್ನೇ ಲೀಗಿನವರಿಗೆ ಕಳಿಸಿದ. ಶ್ರಮಜೀವಿಗಳೂ ಇದ್ದರು, ಅನುಕೂಲವೂ ಇತ್ತು, ಕೆಳಗೆ ನನ್ನ ಸಹಿಯೂ ಇತ್ತು.

ಇದು ತಿಳಿದ ದಿನ ಛಾಪಖಾನೆಯಿಂದಲೇ ಅವನಿಗೆ ಫೋನ್ ಮಾಡಿದೆ. ವರ್ಷದ ಮೇಲೆ ಮೊದಲ ಸಲ. ನಿನಗೆ ಮೋಸ ಮಾಡಲು ಹೊರಟಿದ್ದಾರೆ, ಹುಷಾರಪಾ ಎಂದು ಹೇಳಬೇಕಿತ್ತು. ಕ್ಷಮಿಸು ಎಂದೂ ಹೇಳಬೇಕಿತ್ತು. ಅವನು ನನ್ನನ್ನು ಪೂರ್ತಿ ಮಾತಾಡಲು ಬಿಡಲಿಲ್ಲ.

“ಗೊತ್ತಾತ್ರಿ ಸರ. ಲೀಗಿನವರು ಅರ್ಜಿನ ನಮಗೂ ಕಳಿಸ್ಯಾರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಹಿಂದಿನಷ್ಟೇ ಮೆತ್ತಗಿತ್ತು. “ನಮ್ಮವರು ಒಪ್ಪಿಲ್ರಿ. ಕೀಪರ್ ಚರಗ ಬಿಟ್ಟ ಬರಂಗಿಲ್ಲ, ಅವನ್ನ ಬಿಟ್ಟ ನಾವು ಆಡಂಗಿಲ್ಲ ಅಂತ ಬರದ ಕೊಟ್ಟಾರ.”

“ಆ ಅರ್ಜಿ ನಾ ಬರದದ್ದಲ್ಲಪಾ...” ಎಂದೆ.

“ಸಹಿ ನೋಡೀನ್ರಿ,” ಎಂದು ಅವನು ಫೋನ್ ಇಟ್ಟ.