ಸೆಂಡಾಯ್‌ನಲ್ಲಿ ಬಿಟ್ಟುಬಂದ ಕೊಕ್ಕೆ

ಬೆಳಿಗ್ಗೆ ಎದ್ದು ಯಜಮಾನರಿಗೆ ಎರಡು ದಿನಕ್ಕಾಗುವಷ್ಟು ಸಾರು ಮಾಡಿ ಡಬ್ಬಿಗೆ ತುಂಬಿದೆ. ಪ್ಲಾಸ್ಟಿಕ್ ಕಸದ ದಿನವಾದ್ದರಿಂದ ಚೀಲ ಕಟ್ಟಿ, ರಸ್ತೆಯ ಮೂಲೆಯಲ್ಲಿ ಕಾಗೆಗಳು ಕೆದಕದಂತೆ ಹಾಕಿರುವ ಬಲೆಯಡಿ ಇಟ್ಟು ಬಂದೆ. ಒಗೆದ ಬಟ್ಟೆ ಒಳಗೆ ತಂದು ಮಡಿಸಿದೆ. ಕೊತ್ತಂಬರಿ ಕುಂಡಕ್ಕೆ ನೀರು ಹಾಕಿದೆ. ದಾರಿಗೆ ಚಪಾತಿ ಸುತ್ತಿದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ. ಆಮೇಲೆ ವಿಮಾನ ನಿಲ್ದಾಣಕ್ಕೆ ಹೋಗಿ, ನನ್ನ ತಮ್ಮ ಇಪ್ಪತ್ತು ವರ್ಷಕ್ಕೂ ಮೇಲೆ ಜೋಪಾನ ಮಾಡಿಕೊಂಡಿದ್ದ ಒಂದು ವಸ್ತುವನ್ನು ಅವನ ಪರವಾಗಿ ಬಿಟ್ಟುಕೊಟ್ಟೆ.

ತಪಾಸಣೆಯ ಜಾಗದಲ್ಲಿ ಬಿಳಿ ಕೈಗವಸಿನ ಹುಡುಗಿಯೊಬ್ಬಳು ಅವನ ಚೀಲದಿಂದ ಸಾಮಾನು ಒಂದೊಂದಾಗಿ ತೆಗೆದು ಬೂದುಬಣ್ಣದ ಟ್ರೇಯಲ್ಲಿ ಜೋಡಿಸುತ್ತಿದ್ದಳು. ಹಗ್ಗದ ಸುರುಳಿ, ಸೊಂಟಪಟ್ಟಿ, ಅಲ್ಯೂಮಿನಿಯಂ ಕೊಂಡಿಗಳು, ಕೈ ಬೆವರದಂತೆ ಹಚ್ಚಿಕೊಳ್ಳುವ ಬಿಳಿಪುಡಿ. ಪ್ರತಿಯೊಂದನ್ನು ಎತ್ತುವ ಮೊದಲೂ ಅನುಮತಿ ಕೇಳುತ್ತಿದ್ದಳು. ನಮ್ಮ ಕಡೆ ಸೀಮಂತದ ತಟ್ಟೆಯನ್ನೂ ಇಷ್ಟು ನಯವಾಗಿ ಜೋಡಿಸುವುದಿಲ್ಲ. ಹನ್ನೊಂದು ವರ್ಷ ಜಪಾನಿನ ಈ ಊರಲ್ಲಿದ್ದೂ, ಇಷ್ಟು ಮರ್ಯಾದೆಯಿಂದ ಅನುಮಾನ ಪಡಬಹುದು ಎಂಬುದು ನನಗೆ ಇನ್ನೂ ವಿಚಿತ್ರವಾಗಿಯೇ ಕಾಣುತ್ತದೆ.

ನನ್ನ ತಮ್ಮ ರಘು ಮೈಸೂರಿನಲ್ಲಿ ವಿಮಾ ಕಚೇರಿಯ ನೌಕರ. ವಾರವೆಲ್ಲ ಕಡತ, ಭಾನುವಾರ ಬಂಡೆ. ಹತ್ತು ದಿನದ ಹಿಂದೆ ಮೊದಲ ಸಲ ನಮ್ಮ ಮನೆಗೆ ಬಂದ. ಹಿರೋಷಿಮಾದಲ್ಲಿ ಕಾರು ಕಂಪನಿಯಲ್ಲಿರುವ ಅವನ ಗೆಳೆಯನೊಬ್ಬ, ಅಲ್ಲಿಯ ಬೆಟ್ಟದಲ್ಲಿ ನಮ್ಮ ರಾಮನಗರದ ಕಲ್ಲಿನಂಥದೇ ಕಲ್ಲಿದೆ ಎಂದು ಆಸೆ ಹುಟ್ಟಿಸಿದ್ದ. ಬಂದವನೇ ರಘು ಕೇಳಿದ್ದು ಒಂದೇ: "ಅಕ್ಕ, ಅಲ್ಲಿ ನೀನು ಹಗ್ಗ ಹಿಡೀಬೇಕು. ಮೊದಲಿನ ಥರ."

ಮೊದಲಿನ ಥರ ಎಂದರೆ ಕಾಲೇಜಿನ ದಿನಗಳ ಥರ. ಆಗ ನಾವಿಬ್ಬರೂ ಮನೆಯಲ್ಲಿ ಲೈಬ್ರರಿಗೆ ಎಂದು ಹೇಳಿ ರಾಮನಗರದ ಬಸ್ಸು ಹತ್ತುತ್ತಿದ್ದೆವು. ಅವನು ಹತ್ತುತ್ತಿದ್ದ, ನಾನು ಕೆಳಗೆ ನಿಂತು ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು, ಅವನು ಕೂಗಿದಂತೆ ಸಡಿಲಿಸುತ್ತಲೋ ಬಿಗಿಯುತ್ತಲೋ ಇರುತ್ತಿದ್ದೆ. ಮೇಲಿನವನು ಜಾರಿದರೆ ತಡೆಯುವವಳು ನಾನೇ. ಮದುವೆಯಾದ ಮೇಲೆ ಆ ಕೆಲಸ ಬಿಟ್ಟುಹೋಯಿತು. ಹತ್ತು ದಿನದಿಂದ ಸಂಜೆ ಹೊತ್ತು ಪಾರ್ಕಿನ ಮರಕ್ಕೆ ಹಗ್ಗ ಹಾಕಿ ಅವನು ನನ್ನ ಕೈ ಪಳಗಿಸುತ್ತಿದ್ದ. ಹೋಗಿಬರುವ ಅಜ್ಜಿಯಂದಿರು ನಿಂತು ನೋಡುತ್ತಿದ್ದರು. ಬೇರೆ ದಿನಗಳಾಗಿದ್ದರೆ ನಾಚಿಕೆಯಾಗುತ್ತಿತ್ತು. ಆದರೆ ಈ ದೇಶಕ್ಕೆ ಬಂದ ಮೇಲೆ ಅಷ್ಟು ಖುಷಿಯಾಗಿ ನಾನು ಕನ್ನಡದಲ್ಲಿ ಕೂಗಾಡಿದ್ದೇ ಇಲ್ಲ.

ಸಾಮಾನನ್ನೆಲ್ಲ ಅವನು ಕೈಚೀಲದಲ್ಲೇ ಹೊರುತ್ತಾನೆ. ನಾನು ದೊಡ್ಡ ಸೂಟ್‌ಕೇಸಿಗೆ ಹಾಕು ಎಂದರೆ ಕೇಳಲಿಲ್ಲ. "ಜೀವ ಹಿಡಿಯೋ ಹಗ್ಗ ಕಣಕ್ಕ. ಎಲ್ಲಿ ಎಸೀತಾರೋ, ಅದರ ಮೇಲೆ ಏನು ಚೆಲ್ಲುತ್ತೋ ಯಾರಿಗೊತ್ತು. ಕಣ್ಣಿಂದ ಆಚೆ ಬಿಡಬಾರ್ದು." ಬಂಡೆ ಹತ್ತುವವರೆಲ್ಲರ ನೇಮ ಇದಂತೆ. ಬೆಂಗಳೂರಿನಲ್ಲಿ ಹೊರಡುವಾಗಲೂ ಹೀಗೇ ಚೀಲ ಬಿಚ್ಚಿಸಿದ್ದರಂತೆ. ಅಲ್ಲಿಯ ತಪಾಸಣೆಯವನು ಹಗ್ಗ ಎತ್ತಿ ಹಿಡಿದು, "ಯಾರನ್ನ ಕಟ್ಟಾಕಕ್ಕೆ ಹೊರಟಿದೀರಾ ಸಾರ್, ಹೆಂಡ್ತೀನಾ?" ಎಂದನಂತೆ. ಇವನು, "ಇಲ್ಲ, ಅಕ್ಕನ್ನ" ಎಂದನಂತೆ. ಅವನು ಇನ್ನಿಬ್ಬರನ್ನು ಕರೆದು, ಮೂವರೂ ಕೊಂಡಿಗಳನ್ನು ಟಕಟಕ ಎನಿಸಿ ನೋಡಿ, ತಮ್ಮ ಮಕ್ಕಳಿಗೆ ಇದನ್ನು ಎಲ್ಲಿ ಕಲಿಸುತ್ತಾರೆ ಎಂದು ವಿಚಾರಿಸಿ, ಮೇಲಧಿಕಾರಿಗೆ ತೋರಿಸಿ ಬಿಟ್ಟರಂತೆ. ಅಷ್ಟು ಹೊತ್ತೂ ಹಿಂದಿದ್ದ ಸಾಲು ಗೊಣಗುತ್ತಿತ್ತು. ರಘು ಅದನ್ನು ಹಬ್ಬದ ಸುದ್ದಿಯ ಹಾಗೆ ಹೇಳಿದ್ದ. ಅಲ್ಲಿ ಒಬ್ಬರ ಕೆಲಸ ಹತ್ತು ಜನರಿಗೆ ತಡ ಮಾಡಿದರೆ ಅದೊಂದು ಪರಿಚಯಕ್ಕೆ ನೆಪವಾಗುತ್ತದೆ.

ಇಲ್ಲಿ ಅದಕ್ಕೆ 'ಮೇವಾಕು' ಎನ್ನುತ್ತಾರೆ. ನನ್ನಿಂದ ಇನ್ನೊಬ್ಬರಿಗೆ ಆಗುವ ತೊಂದರೆ. ಭಾಷೆಯ ಮೊದಲು ನಾನು ಕಲಿತದ್ದು ಈ ಒಂದು ಪದವನ್ನು. ಮೊದಲ ವರ್ಷ ಮನೆ ಹುಡುಕುವಾಗ ಮೂವರು ಮಾಲೀಕರು ಒಗ್ಗರಣೆಯ ವಾಸನೆಗೆ ಹೆದರಿ ನಗುತ್ತಲೇ ಇಲ್ಲ ಎಂದರು. ಸಿಕ್ಕ ಮನೆಯಲ್ಲಿ, ಆಗ ನಾಲ್ಕು ವರ್ಷದ ನನ್ನ ಮಗಳು ಪುಟ್ಟಿ ಓಡಿದರೆ ಕೆಳಮನೆಯವರಿಗೆ ಸದ್ದು. ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿ ಹೋಗಿದ್ದರು, ಅದರಲ್ಲಿ ಬೈಗುಳ ಒಂದೂ ಇರಲಿಲ್ಲ, ಕ್ಷಮೆ ಮೂರು ಸಲ ಇತ್ತು. ಅದನ್ನು ಓದಿಸಿಕೊಂಡು ನಾನು ಅತ್ತ ಹಾಗೆ ಯಾರ ಬೈಗುಳಕ್ಕೂ ಅತ್ತಿಲ್ಲ. ಅಲ್ಲಿಂದ ಮುಂದೆ ಮಿಕ್ಸಿಯನ್ನು ಮಡಿಸಿದ ಟವೆಲಿನ ಮೇಲಿಟ್ಟು ರುಬ್ಬಿದೆ. ಲಿಫ್ಟಿನಲ್ಲಿ ಸುಮಿಮಾಸೆನ್, ಕೊಂಬಿನಿ ಅಂಗಡಿಯಲ್ಲಿ ಸುಮಿಮಾಸೆನ್, ಯಾರಾದರೂ ನನ್ನ ಕಾಲು ತುಳಿದರೂ ಸುಮಿಮಾಸೆನ್. ಕ್ಷಮಿಸಿ ಎಂಬುದು ಉಸಿರಿನ ಜೊತೆ ಬರತೊಡಗಿತು. ಗ್ಯಾಸ್ ಕಂಪನಿಗೆ ನಾನೇ ಫೋನು ಮಾಡಿ ಕೆಲಸ ಮುಗಿಸಿದ ದಿನ, ನಾನೂ ಇಲ್ಲಿಯವಳಾದೆ ಎಂದು ಪಾಯಸ ಮಾಡಿದ್ದೆ.

ಟ್ರೇಗೆ ಕೊನೆಯಲ್ಲಿ ಬಂದದ್ದು ಆ ಕೊಕ್ಕೆ. ಗೇಣುದ್ದದ ಚಪ್ಪಟೆ ಉಕ್ಕಿನ ಪಟ್ಟಿ, ತುದಿ ಬಾಗಿದೆ. ಬಂಡೆಯ ಬಿರುಕಿಗೆ ಸಿಗಿಸಿದ ಲೋಹದ ಬೆಣೆ ಸಿಕ್ಕಿಕೊಂಡರೆ ಅದನ್ನು ಎಬ್ಬಿಸಿ ತೆಗೆಯಲಿಕ್ಕೆ. ಅಂಗಡಿಯದು ಕೊಳ್ಳುವ ಶಕ್ತಿ ಇಲ್ಲದ ಕಾಲದಲ್ಲಿ ನಮ್ಮ ಬೀದಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ್ದು. ಹಿಡಿ ಬೆರಳಿನ ಗುರುತಿಗೆ ಸವೆದುಹೋಗಿತ್ತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದಳು. ಇಂಥದ್ದನ್ನು ತಾನು ನೋಡಿಲ್ಲ, ದಯವಿಟ್ಟು ಸ್ವಲ್ಪ ಕಾಯಬೇಕು, ಮೇಲಿನವರನ್ನು ಕೇಳುತ್ತೇನೆ, ಒಪ್ಪದಿದ್ದರೆ ಹಿಂದೆ ಹೋಗಿ ದೊಡ್ಡ ಲಗೇಜಿನಲ್ಲಿ ಕಳಿಸಬಹುದು, ಸಮಯವಿದೆ ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ಸಾಲು ಬೆಳೆದಿತ್ತು. ಯಾರೂ ಗೊಣಗುತ್ತಿರಲಿಲ್ಲ. ಒಬ್ಬರೂ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಆ ನೋಡದಿರುವುದನ್ನು ನನಗೆ ತಾಳಿಕೊಳ್ಳಲಾಗಲಿಲ್ಲ.

"ಏನಂತಾಳೆ ಅಕ್ಕ?" ಎಂದ ರಘು.

"ಬಿಡಲ್ವಂತೆ ಕಣೋ."

"ಹೌದಾ? ಇನ್ನೊಂದ್ಸಲ ಕೇಳು. ಕಲ್ಲು ಹತ್ತೋದಕ್ಕೆ ಅಂತ ಹೇಳು. ನಂಗೇನ್ ಅರ್ಜೆಂಟಿಲ್ಲ, ಕಾಯ್ತೀನಿ."

"ಆಗಲ್ವಂತೆ" ಎಂದೆ. ಹುಡುಗಿಯ ಕಡೆ ತಿರುಗಿ ತಲೆ ಬಾಗಿಸಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ಇದು ಬೇಡ, ನೀವೇ ವಿಲೇವಾರಿ ಮಾಡಿಬಿಡಿ ಎಂದೆ. ಅವಳ ಹುಬ್ಬು ಒಂದಿಷ್ಟು ಮೇಲೇರಿತು. ನಿಜವಾಗಿಯೂ ಪರವಾಗಿಲ್ಲವೇ ಎಂದು ಕೇಳಿದಳು. ಪರವಾಗಿಲ್ಲ ಎಂದು ಸಹಿ ಮಾಡಿದೆ. ರಘು ಕೊಕ್ಕೆಯನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ ತಾನೇ ಅವಳ ಕೈಗೆ ಕೊಟ್ಟ. ಧನ್ಯವಾದ ಹೇಳಲು ಕಲಿತಿದ್ದ ಒಂದೇ ಜಪಾನಿ ಪದವನ್ನು ಅವಳಿಗೆ ಹೇಳಿದ: "ಅರಿಗಾತೋ." ನಮ್ಮ ಜೊತೆ ಹೊರಟಿದ್ದ ಪುಟ್ಟಿ, ಈಗ ಹದಿನೈದು ವರ್ಷದವಳು, ಬೂಟಿನ ದಾರ ಕಟ್ಟುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು.

ವಿಮಾನದಲ್ಲಿ ರಘುವೇ ನನ್ನನ್ನು ಸಮಾಧಾನ ಮಾಡಿದ. "ಹೋಗ್ಲಿ ಬಿಡಕ್ಕ. ರೂಲ್ಸ್ ಅಂದ್ಮೇಲೆ ರೂಲ್ಸು. ಅವಳಾದ್ರೂ ಏನ್ ಮಾಡ್ತಾಳೆ, ಪಾಪ." ಹೇಳಿಬಿಡಬೇಕು ಎನಿಸಿತು. ಕಿಟಕಿಯಾಚೆ ಕೈ ತೋರಿಸಿ, ಮೋಡ ಎಷ್ಟು ಚೆನ್ನಾಗಿದೆ ನೋಡು ಎಂದೆ.

ಹಿರೋಷಿಮಾದ ವಸತಿಗೃಹದಲ್ಲಿ ನೆಲಕ್ಕೆ ಚಾಪೆ ಹಾಸಿದ ಒಂದೇ ಕೋಣೆ. ಸಂಜೆ ರಘು ನಾಳೆಗೆಂದು ಕೊಂಡಿಗಳನ್ನು ಹರಡಿಕೊಂಡು ಕುಳಿತ. ಕೊಕ್ಕೆ ಸಿಗಿಸುತ್ತಿದ್ದ ಜಾಗಕ್ಕೆ ಕೈ ಹೋಗಿ ಹಿಂದೆ ಬಂತು. ಪುಟ್ಟಿ ಅವನ ಪಕ್ಕ ಕುಳಿತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷು ಇಲ್ಲವೇ ಜಪಾನಿ. ಅವತ್ತು ಮಾತ್ರ ಒಂದೊಂದೇ ಪದ ಹೆಕ್ಕಿ ಜೋಡಿಸಿ ಹೇಳಿದಳು.

"ಮಾಮ. ಏರ್‌ಪೋರ್ಟಲ್ಲಿ ಆ ಆಂಟಿ ಬೇಡ ಅಂತ ಹೇಳಿಲ್ಲ. ವೇಟ್ ಮಾಡಿ, ಕೇಳ್ತೀನಿ ಅಂತ ಹೇಳಿದ್ರು. ಅಮ್ಮ ಹೇಳಿದ್ದು, ಬಿಸಾಕಿ ಅಂತ."

ರಘು ನನ್ನತ್ತ ನೋಡಿದ. "ಹೌದೇನಕ್ಕ?"

"ಹಿಂದೆ ಅಷ್ಟೊಂದು ಜನ ನಿಂತಿದ್ರು ಕಣೋ" ಎಂದೆ. ಅದು ಉತ್ತರವಲ್ಲ ಎಂದು ಹೇಳುವಾಗಲೇ ತಿಳಿದಿತ್ತು.

ಬೈಯುತ್ತಾನೆ ಎಂದುಕೊಂಡೆ. ಚಿಕ್ಕಂದಿನಲ್ಲಿ ನನ್ನ ಸೈಕಲ್ಲಿನ ಗಾಳಿ ಬಿಟ್ಟ ಕೋಪಿಷ್ಠ ಅವನು. ಬೈದಿದ್ದರೆ ನಾನೂ ಬೈದು, ಅತ್ತು, ಮುಗಿದುಹೋಗುತ್ತಿತ್ತು. ಅವನು ಹಗ್ಗವನ್ನು ಮೊದಲಿನಿಂದ ಕೊನೆಯವರೆಗೆ ಬೆರಳುಗಳ ನಡುವೆ ಹಾಯಿಸಿ ನೋಡಿದ, ಎಲ್ಲಾದರೂ ಎಳೆ ಕಿತ್ತಿದೆಯೇ ಎಂದು. ಆಮೇಲೆ ಮೆತ್ತಗೆ ಕೇಳಿದ. "ಮೇಲಿರೋನು ಏನ್ ಹೇಳ್ತಿದಾನೆ ಅಂತ ಕೇಳಿಸ್ಕೊಂಡ್ಮೇಲೆ ತಾನೆ ಅಕ್ಕ, ಹಗ್ಗ ಬಿಡೋದು?"

ನಾನು ಅವನು ಹರಡಿದ್ದ ಕೊಂಡಿಗಳನ್ನು ಒಂದು ಕಡೆ ಕೂಡಿಸಿಟ್ಟೆ.

"ನಾಳೆ ಪುಟ್ಟಿ ಹಿಡೀಲಿ" ಎಂದ. "ಕ್ಲೈಂಬಿಂಗ್ ಜಿಮ್ಮಲ್ಲಿ ದಿನಾ ಹಗ್ಗ ಹಿಡಿಯೋಳು, ಚೆನ್ನಾಗ್ ಹಿಡೀತಾಳೆ. ನಿಂಗೂ ಮಂಡಿ ನೋವು, ಅಷ್ಟು ದೂರ ಬಂಡೆ ಮೇಲೆ ಯಾಕೆ ನಡೀತೀಯ. ಕೆಳಗೆ ನೆರಳಿದೆಯಂತೆ, ಕೂತ್ಕೊ."

ನನಗೆ ಮಂಡಿ ನೋವಿಲ್ಲ. ಅದು ಅವನಿಗೂ ಗೊತ್ತು. ಹನ್ನೊಂದು ವರ್ಷ ನಾನು ಕೇಳುತ್ತ ಬಂದ ದನಿ ಅದು: ಇಲ್ಲ ಎನ್ನದೆ ಇಲ್ಲ ಎನ್ನುವುದು, ಎದುರಿನವರ ಮುಖ ಕೆಡದಂತೆ ಒಂದು ನೆಪ ಹುಡುಕಿ ಕೊಡುವುದು. ಹತ್ತೇ ದಿನದಲ್ಲಿ ಕಲಿತುಬಿಟ್ಟನೋ ಅಥವಾ ನನ್ನಂಥವಳೊಡನೆ ಹೀಗೇ ಮಾತಾಡಬೇಕೆಂದು ಅವನಿಗೆ ತೋಚಿತೋ ತಿಳಿಯದು. ಬೈಯಬಹುದಾದಷ್ಟು ಹತ್ತಿರದ ಜನ ನನಗೆ ಈ ದೇಶದಲ್ಲಿ ಯಾರೂ ಇರಲಿಲ್ಲ. ಊರಲ್ಲಿ ಇದ್ದ ಒಬ್ಬನೂ ಇವತ್ತು ನನ್ನ ಜೊತೆ ಪರವೂರಿನವರ ಹಾಗೆ ಮರ್ಯಾದೆಯಿಂದ ನಡೆದುಕೊಂಡ. ತಲೆ ಬಾಗಿಸಿ ಹೂಂ ಎಂದೆ. ಬಾಯಿಗೆ ಬಂದದ್ದು ಸುಮಿಮಾಸೆನ್. ತಮ್ಮನಿಗೆ ಹೇಳುವ ಮಾತಲ್ಲ ಅದು, ನುಂಗಿಕೊಂಡೆ. ಅದರ ಜಾಗಕ್ಕೆ ಕನ್ನಡದಲ್ಲಿ ಏನು ಬರಬೇಕು ಎಂದು ಹುಡುಕುವಷ್ಟರಲ್ಲಿ ಅವನು ಎದ್ದು ಕೈ ತೊಳೆಯಲು ಹೋಗಿದ್ದ.

ಊಟಕ್ಕೆ ಬೀದಿಯಾಚೆಯ ಅಂಗಡಿಯಿಂದ ಒಕೊನೊಮಿಯಾಕಿ ತಂದೆವು, ಎಲೆಕೋಸು ತುಂಬಿದ ದಪ್ಪ ದೋಸೆಯಂಥದ್ದು, ಮಾಂಸ ಬೇಡವೆಂದು ಹೇಳಿ ಮಾಡಿಸಿದ್ದು. ಮೂರು ಪಾಲು ಮಾಡಿದೆ. ರಘು ಉಪ್ಪಿನಕಾಯಿ ಕೇಳಿದ, ತಂದಿರಲಿಲ್ಲ. ಹಾಸಿಗೆಗಳನ್ನು ಸಾಲಾಗಿ ಹಾಸಿದೆ. ಪುಟ್ಟಿ ಹಗ್ಗದ ಚೀಲವನ್ನು ತಲೆಯ ಬಳಿ ಇಟ್ಟುಕೊಂಡು, ಮಾಮ ಹೇಳಿಕೊಟ್ಟ ಸಡಿಲ, ಬಿಗಿ ಎಂಬ ಪದಗಳನ್ನು ಎರಡು ಸಲ ಬಾಯಲ್ಲೇ ಹೇಳಿಕೊಂಡು, ಎಲ್ಲರಿಗಿಂತ ಮೊದಲು ಮಲಗಿದಳು.