ಜ್ವರ ಇಳಿಯುವ ತನಕ

ಎಂಬತ್ತರ ದಶಕದ ಕೊನೆಯಲ್ಲಿ ಸಂತೆಕಲ್ಲೂರಿನ ಮಕ್ಕಳಿಗೆ ಲಸಿಕೆ ಹಾಕಲು ಲಿಂಗಸುಗೂರಿನ ಬಸ್ಸಿಗೆ ಒಬ್ಬ ನರ್ಸಮ್ಮ ಬರುತ್ತಿದ್ದರು. ಕೂಸನ್ನು ಮುಟ್ಟುವ ಮುಂಚೆ ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. “ಇರುವಿ ಕಡದಂಗ, ಅಷ್ಟ” ಎಂದು ಪ್ರತಿ ತಾಯಿಗೂ ಹೇಳುತ್ತಿದ್ದರು.

ನನ್ನ ಚೊಚ್ಚಲ ಮಗಳ ಸರದಿ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡ್ರಿ. ಸೂಜಿ ಮಾಡಿದ್ರ ಕೂಸಿಗೆ ಜ್ವರ ಬರ್ತಾವಂತ.”

“ಬರಬಹುದ್ರಿ ಯವ್ವಾ, ಸುಳ್ಳ್ಯಾಕ ಹೇಳ್ಲಿ? ಬಂದ್ರ ಇಳಿಯೋತನ ನಾ ಇಲ್ಲೇ ಕುಂದ್ರತೀನಿ” ಎಂದರು ನರ್ಸಮ್ಮ.

ಆ ಮಾತಿಗೆ ಅತ್ತೆ ದಾರಿ ಬಿಟ್ಟರು. ಮಧ್ಯಾಹ್ನ ಮಗಳ ಮೈ ಬಿಸಿಯಾಯಿತು. ನರ್ಸಮ್ಮ ತಾವು ವಾಪಸು ಹೋಗಬೇಕಿದ್ದ ಬಸ್ಸನ್ನು ಬಿಟ್ಟು, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತ, ಅತ್ತೆಯ ಜೊತೆ ತೊಗರಿ ಬೆಳೆಯ ಮಾತಾಡುತ್ತ ಕುಳಿತರು. ಸಂಜೆಯ ಹೊತ್ತಿಗೆ ಜ್ವರ ಇಳಿದು ಮಗಳು ಹಾಲಿಗೆ ಬಾಯಿ ಹಾಕಿದಳು. ಅತ್ತೆ ಒಲೆ ಹೊತ್ತಿಸಿ, ಬಿಸಿ ರೊಟ್ಟಿ ಬಡಿದು ಅವರಿಗೆ ಉಣಬಡಿಸಿದರು.

ಮುಂದಿನ ತಿಂಗಳು ಅತ್ತೆ ಬಸ್ಸು ನಿಲ್ಲುವಲ್ಲಿಗೇ ಹೋದರು. ಒಂದು ಕಂಕುಳಲ್ಲಿ ನನ್ನ ಮಗಳು, ಇನ್ನೊಂದರಲ್ಲಿ ಓಣಿಯ ಬಾಣಂತಿಯೊಬ್ಬಳ ಕೂಸು.

“ಲಗೂನ ಇಳೀರಿ ನರ್ಸಮ್ಮ” ಎಂದು ಕೂಗಿದರು, “ಇದರವ್ವ ಅಂಜಾಕತ್ತಿದ್ಲು, ನಾನ ಎತ್ಕೊಂಡು ಬಂದೀನಿ.”